ಅಸ್ತ್ರ ಒಲೆಯ ಜಾಲರಿ: ದುರಸ್ತಿ ಮತ್ತು ನಿರ್ವಹಣೆ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮೂರು ಪಾತ್ರೆಗಳ ಹೊಗೆರಹಿತ ಒಲೆಯನ್ನು ರೂಪಿಸಿತು. 1983ರಲ್ಲಿ ಆರಂಭಗೊಂಡ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದ ಕಾಲದಲ್ಲಿ ಇಂತಹ ಒಲೆಗಳು ರಾಜ್ಯದ ಅನೇಕ ಗ್ರಾಮಗಳನ್ನು ತಲುಪಿದವು. ಕಾರ್ಯಕ್ರಮವು 2002ರಲ್ಲಿ ಕೊನೆಗೊಂಡಿದ್ದು, ಉಳಿದಿರುವ ಒಲೆಗಳ ದುರಸ್ತಿಯು ಈಗ ಮನೆಯವರ ಹೊಣೆಯಾಗಿದೆ. ಅಡುಗೆ ಅನಿಲ ಸಂಪರ್ಕವಿರುವ ಮನೆಗಳಲ್ಲಿಯೂ ಸ್ನಾನದ ನೀರಿಗೆ ಮತ್ತು ಮುದ್ದೆಗೆ ಸೌದೆಯ ಬಳಕೆ ನಿಂತಿಲ್ಲ.

ಜಾಲರಿಯ ಮಹತ್ವ

ಈ ಒಲೆಯಲ್ಲಿ ಮೊದಲು ಕೆಡುವ ಭಾಗಗಳಲ್ಲಿ ಕಬ್ಬಿಣದ ಜಾಲರಿಯೂ ಒಂದು. ಸೌದೆ ಉರಿಯಲು ಬೇಕಾದ ಗಾಳಿಯು ಮುಖ್ಯವಾಗಿ ಜಾಲರಿಯ ಕೆಳಗಿನಿಂದ ಬರುತ್ತದೆ. ಕಂಬಿಗಳು ಬಾಗಿದರೆ ಅಥವಾ ಮುರಿದರೆ ಕೆಂಡವು ಕೆಳಗೆ ಬಿದ್ದು ಗಾಳಿಯ ದಾರಿ ಮುಚ್ಚುತ್ತದೆ. ಸೌದೆ ಹೆಚ್ಚು ಖರ್ಚಾಗುತ್ತದೆ, ಹೊಗೆ ಅಡುಗೆಮನೆಗೆ ಮರಳುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮೃತಪಟ್ಟಿರುವುದಾಗಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ಹೊಗೆಯನ್ನು ಹೆಚ್ಚಾಗಿ ಸೇವಿಸುವವರು ಮಹಿಳೆಯರು ಮತ್ತು ಮಕ್ಕಳು.

ಹಾಳಾಗಲು ಕಾರಣಗಳು

ಬೂದಿಯು ಕಂಬಿಗಳವರೆಗೆ ತುಂಬಿಕೊಂಡಾಗ ಕೆಳಗಿನಿಂದ ಬರುವ ತಂಗಾಳಿ ನಿಂತು, ಕಂಬಿಗಳು ಅತಿಯಾಗಿ ಕಾಯ್ದು ಬಾಗುತ್ತವೆ. ಬಿಸಿಯಾಗಿರುವಾಗ ನೀರು ಚೆಲ್ಲಿದರೆ ಎರಕದ ಕಬ್ಬಿಣ ಸೀಳುತ್ತದೆ. ಜಾಲರಿಯನ್ನು ನಾಲ್ಕೂ ಕಡೆ ಬಿಗಿಯಾಗಿ ಮೆತ್ತಿದ್ದರೆ ಹಿಗ್ಗಲು ಜಾಗವಿಲ್ಲದೆ ಒಲೆಯ ಗೋಡೆಯೇ ಬಿರುಕು ಬಿಡುತ್ತದೆ.

ದುರಸ್ತಿಯ ಕ್ರಮ

1. ಒಲೆ ಪೂರ್ಣವಾಗಿ ಆರಿದ ನಂತರ ಬೂದಿ ತೆಗೆದು, ಹಳೆಯ ಜಾಲರಿಯನ್ನು ಬಿಡಿಸಿ, ಅದರ ಉದ್ದ, ಅಗಲ ಮತ್ತು ಕಂಬಿಗಳ ನಡುವಿನ ಅಂತರವನ್ನು ಅಳೆಯಬೇಕು.

2. ಸೀಳಿದ ಎರಕದ ಜಾಲರಿಗೆ ಬೆಸುಗೆ ಬಾಳಿಕೆ ಬರುವುದು ಕಡಿಮೆ. ಅದೇ ಅಳತೆಯಲ್ಲಿ ದಪ್ಪ ಕಬ್ಬಿಣದ ಸರಳುಗಳಿಂದ ಹೊಸದನ್ನು ಮಾಡಿಸುವುದು ಲೇಸು. ನಗರದ ಪಶ್ಚಿಮ ಭಾಗದ ಮೂಡಲಪಾಳ್ಯ, ಕಾಮಾಕ್ಷಿಪಾಳ್ಯ ಕಡೆಗೆ ಹೋಗಬೇಕಾಗಿಲ್ಲ. ಹೋಬಳಿಯ ವೆಲ್ಡಿಂಗ್ ಅಂಗಡಿಯಲ್ಲಿಯೇ ಇದು ಸಾಧ್ಯ. ಸತುವಿನ ಲೇಪವಿರುವ ಸರಳು ಬೇಡ. ಕಾಯ್ದಾಗ ಅದರಿಂದ ಹಾನಿಕರ ಹೊಗೆ ಏಳುತ್ತದೆ.

3. 30 ಸೆಂ.ಮೀ. ಉದ್ದದ ಕಂಬಿಯ ಶಾಖ 500 ಡಿಗ್ರಿಯಷ್ಟು ಏರಿದರೆ ಅದು ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಆದುದರಿಂದ ಜಾಲರಿಯನ್ನು ಅಂಚಿನ ಮೇಲೆ ಸಡಿಲವಾಗಿ ಕೂರಿಸಿ, ಎರಡೂ ತುದಿಗಳಲ್ಲಿ ಸ್ವಲ್ಪ ಜಾಗ ಬಿಡಬೇಕು.

4. ಸವೆದ ಅಂಚನ್ನು ಇಟ್ಟಿಗೆ ಚೂರು ಮತ್ತು ಚೆನ್ನಾಗಿ ಕಲಸಿದ ಹುತ್ತದ ಮಣ್ಣಿನಿಂದ ಸರಿಪಡಿಸಬೇಕು. ಸಿಮೆಂಟ್ ಬೆಂಕಿಯ ಶಾಖಕ್ಕೆ ಉದುರುವುದರಿಂದ ಬಳಸಬಾರದು.

5. ಮಣ್ಣು ನೆರಳಿನಲ್ಲಿ ಒಣಗಿದ ಮೇಲೆ, ಮೊದಲ ಕೆಲವು ದಿನ ಸಣ್ಣ ಉರಿ ಮಾತ್ರ ಹಾಕಬೇಕು.

ಹೊಸ ಜಾಲರಿ ಹಾಕಿದರೂ ಹೊಗೆ ಮರಳಿದರೆ, ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿದೆಯೇ ಮತ್ತು ಪಾತ್ರೆಗಳು ಒಲೆಯ ಬಾಯಿಗೆ ಸರಿಯಾಗಿ ಕೂರುತ್ತವೆಯೇ ಎಂಬುದನ್ನು ಪರಿಶೀಲಿಸಬೇಕು. ಪ್ರತಿದಿನ ಉರಿ ಹಾಕುವ ಮುನ್ನ ಬೂದಿ ತೆಗೆಯುವುದೇ ಜಾಲರಿಯ ಬಾಳಿಕೆಯ ಗುಟ್ಟು.

ಮಾನ್ಯ ಸದಸ್ಯರು ತಮ್ಮ ವಾರ್ಡುಗಳಲ್ಲಿ ಕೆಟ್ಟುನಿಂತಿರುವ ಒಲೆಗಳನ್ನು ಗುರುತಿಸಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ ಹಾಗೂ ಗ್ರಾಮಸಭೆಯಲ್ಲಿ ಈ ಮಾಹಿತಿಯನ್ನು ತಿಳಿಯಪಡಿಸಬೇಕೆಂದು ಕೋರಲಾಗಿದೆ.