ನೂಲಿನ ಲೆಕ್ಕ

ಮೈಸೂರಿನ ಹೊರವಲಯದ ಹೊಸ ಮನೆ. ಗುಡಿಸಿ ತೊಳೆದ ಹಾಲ್‌ನ ಕಾಂಕ್ರೀಟ್ ಬರಿಗಣ್ಣಿಗೆ ಚಪ್ಪಟೆಯಾಗಿಯೇ ಕಾಣುತ್ತದೆ. ಟೈಲ್ಸ್ ಮೇಸ್ತ್ರಿ ಅರ್ಧ ಬಕೆಟ್ ನೀರು ಚೆಲ್ಲುತ್ತಾರೆ. ಅದು ಸೀದಾ ದೇವರಕೋಣೆಯ ಮೂಲೆಗೆ ಓಡಿ ಮಡುಗಟ್ಟುತ್ತದೆ. "ಪಟ್ಟಿ ಸರಿಯಾಗಿ ಎಳೆದಿಲ್ಲ ಸಾರ್" ಎನ್ನುತ್ತಾ ಚೀಲದಿಂದ ಮಟ್ಟದ ಪೈಪು ತೆಗೆಯುತ್ತಾರೆ.

ಹಸಿರು ಗೆರೆ ಬಿಡುವ ಲೇಸರ್ ಈಗ ಬಂದಿದೆ, ನಿಜ. ಆದರೆ ಪೈಪಿಗೆ ಬ್ಯಾಟರಿ ಬೇಡ. ಒಳಗೆ ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆಂದು ಹುಡುಗ ನೀರು ತುಂಬಿದ ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಗಾಳಿ ಬಿಡಿಸುತ್ತಾನೆ. ಒಂದು ತುದಿ ಇಲ್ಲಿ, ಇನ್ನೊಂದು ಎದುರು ಗೋಡೆಗೆ.

"ಇಳಿಸು... ಇನ್ನೊಂಚೂರು... ಸಾಕು, ಗೀಟು ಹಾಕು."

"ಆಯ್ತಣ್ಣ."

ಗೀಟಿನಿಂದ ನೆಲಕ್ಕೆ ಟೇಪು ಇಳಿಬಿಟ್ಟರೆ ಕಿಟಕಿಯ ಬಳಿ 35 ಮುಕ್ಕಾಲು ಇಂಚು, ದೇವರಕೋಣೆ ಮೂಲೆಯಲ್ಲಿ 36 ಅರೆ. ಇಂಚಿಗೆ ಎಂಟು ನೂಲು. ಅಂದರೆ ಆರು ನೂಲಿನ ತಗ್ಗು. ಒಳ್ಳೆಯ ಮೇಸ್ತ್ರಿಗಳು ಹತ್ತು ಅಡಿಗೆ ಒಂದು ನೂಲಿಗಿಂತ ಹೆಚ್ಚು ಏರುಪೇರು ಒಪ್ಪುವುದಿಲ್ಲ.

ತಗ್ಗು ತುಂಬುವುದು ಸುಲಭ, ತೊಡಕಿರುವುದು ದಿಬ್ಬದಲ್ಲಿ. ಅದರ ಮೇಲೂ ಒಂದಿಂಚು ಗಾರೆ ಕೂರಿಸಿದರೆ ಬಾಗಿಲ ಅಡಿ ಉಜ್ಜುತ್ತದೆ. ಹಾಗಾಗಿ ಕಿಟಕಿಯ ಬಳಿ ಉಳಿ, ಸುತ್ತಿಗೆ. ಮನೆ ತುಂಬ ಬಿಳಿ ಧೂಳು. ಧೂಳು ಗುಡಿಸಿ, ನೀರುಣಿಸಿ, ಸಿಮೆಂಟ್ ಹಾಲು ಬಳಿದ ಮೇಲೇ ಗಾರೆ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಎಂ-ಸ್ಯಾಂಡ್. ನೀರು ಎಷ್ಟೆಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಒದ್ದೆ ಇಳಿಯಬಾರದು. ಅಲ್ಲಲ್ಲಿ ಮಟ್ಟದ ಗುರುತಿಗೆ ಗಾರೆಯ ದಿಣ್ಣೆ ಕೂರಿಸಿ, ಅವುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ಅತ್ತಿತ್ತ ಆಡಿಸುತ್ತಾ ಎಳೆಯುತ್ತಾರೆ. ಹೆಚ್ಚಾದದ್ದು ಪಟ್ಟಿಯ ಮುಂದೆ ಗುಡ್ಡೆಯಾಗುತ್ತದೆ, ಹಿಂದೆ ಉಳಿದ ಕುಳಿಗೆ ಕರಣೆಯಿಂದ ಒಂದು ಹಿಡಿ.

ಕೆಲವೇ ಮಿಲಿಮೀಟರ್ ವ್ಯತ್ಯಾಸವಿದ್ದರೆ ಮಾತ್ರ ನೀರಿಗೆ ಕಲಸಿ ಸುರಿಯುವ, ದೋಸೆ ಹಿಟ್ಟಿನಂತೆ ತಾನೇ ಹರಡಿಕೊಳ್ಳುವ ಸೆಲ್ಫ್ ಲೆವೆಲಿಂಗ್ ಪುಡಿ ಸಾಕು. ಬೆಲೆ ಕೇಳಿದರೆ ಮಾಲೀಕರು ಮತ್ತೆ ಗಾರೆಗೇ ಮರಳುತ್ತಾರೆ.

ನಾಲ್ಕಕ್ಕೆ ಎರಡು ಅಡಿಯ ಟೈಲ್ಸ್ ಬಂದ ಮೇಲಂತೂ ನೆಲದ ಡೊಂಕು ಮುಚ್ಚಿಡಲು ಜಾಗವಿಲ್ಲ. ಅಡಿಯಲ್ಲಿ ಟೊಳ್ಳು ಉಳಿದರೆ ಮಂಚದ ಕಾಲು ಕೂತ ಕಡೆ ಬಿರುಕು ಖಂಡಿತ ಎಂದೇ ತಿಳಿಯಿರಿ. ಅಂಗಡಿಗೆ ಬಣ್ಣ ಆರಿಸಲು ಹೋಗುವ ಮುಂಚೆ ಮಟ್ಟ ಹಿಡಿಸಿ, ಗಾರೆಯ ಬೆಡ್ ಎಷ್ಟು ದಪ್ಪ, ದಿಬ್ಬ ಕೆತ್ತುವ ಕೂಲಿ ಯಾರದು ಎಂದು ಮೊದಲೇ ಬರೆಸಿಕೊಳ್ಳಿ.