ಕಜ್ಜಿ ಅಂದುಕೊಂಡಿದ್ದು ಗೋಧಿಯ ಕಾಟವಾಗಿತ್ತು

ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನ ಇಲ್ಲಿ ನಿಧಾನವಾಗಿ ಬರೀತೀನಿ.

ಜೋಗೇಶ್ವರಿಯ ಫ್ಲ್ಯಾಟ್‌ನಲ್ಲಿ ನಾವು ನಾಲ್ಕು ಜನ ಇದ್ವಿ. ನನ್ನ ಎರಡೂ ಮೊಣಕೈ, ಎರಡೂ ಮಂಡಿ, ಸೊಂಟದ ಕೆಳಗೆ ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದವು. ರಾತ್ರಿ ಎರಡಕ್ಕೆ ಎದ್ದು ಕೂರುವಷ್ಟು ತುರಿಕೆ. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಗುಳ್ಳೆಗಳೆಲ್ಲ ಕೆರೆದು ಒಡೆದು ಬರೀ ಗಾಯ ಉಳಿದಿರ್ತಿತ್ತು. ಒಬ್ಬರು ಮುಂಬೈ ಸೆಕೆ ಅಂದ್ರು, ಇನ್ನೊಬ್ಬರು ಕಜ್ಜಿ ಅಂದ್ರು. ಕಜ್ಜಿ ಅಂದ ದಿನವೇ ರೂಮ್‌ಮೇಟ್‌ಗಳು ಹಾಸಿಗೆ ದೂರ ಎಳ್ಕೊಂಡ್ರು. ಅವರದ್ದೇನೂ ತಪ್ಪಿಲ್ಲ ಬಿಡಿ, ಆದ್ರೂ ನೋವಾಯ್ತು.

ಕಾಯಿಲೆ ಹೆಸರು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. 1884ರಲ್ಲಿ ಅಮೆರಿಕದ ಲೂಯಿಸ್ ಡೂರಿಂಗ್ ಇದನ್ನು ವಿವರಿಸಿದ್ರು. ಹೆಸರಲ್ಲಿ ಹರ್ಪೀಸ್ ಇದ್ರೂ ವೈರಸ್‌ಗೂ ಇದಕ್ಕೂ ಸಂಬಂಧವಿಲ್ಲ, ಅಂಟುವ ರೋಗವೂ ಅಲ್ಲ.

ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಕೆಲವರ ಕರುಳಿಗೆ ಆಗಿಬರಲ್ಲ. ಆಗ ದೇಹ ಟ್ರಾನ್ಸ್‌ಗ್ಲುಟಮಿನೇಸ್ ಅನ್ನೋ ತನ್ನದೇ ಕಿಣ್ವದ ವಿರುದ್ಧ ಐಜಿಎ ಪ್ರತಿಕಾಯ ಮಾಡುತ್ತೆ. ಇದೇ ಕುಟುಂಬದ ಇನ್ನೊಂದು ಕಿಣ್ವ ಚರ್ಮದಲ್ಲೂ ಇದೆ. ಪ್ರತಿಕಾಯ ಅಲ್ಲಿ ಕೂತ್ರೆ ಬಿಳಿ ರಕ್ತಕಣಗಳು ನುಗ್ಗಿ ಗುಳ್ಳೆ ಏಳುತ್ತೆ. ಅಂದ್ರೆ ಇದು ಸೀಲಿಯಾಕ್ ರೋಗದ ಚರ್ಮದ ಮುಖ. ಹೊಟ್ಟೆನೋವೇ ಇಲ್ಲದವರು ಬಹಳ. ನನಗೂ ಇರಲಿಲ್ಲ, ಹಾಗಾಗಿಯೇ ಯಾರಿಗೂ ಗೋಧಿ ನೆನಪಾಗಲಿಲ್ಲ.

ಮಂಡ್ಯದ ಮುದ್ದೆ ಬಿಟ್ಟು ಡಬ್ಬಾ ಚಪಾತಿ, ವಡಾಪಾವ್‌ಗೆ ಬಂದಿದ್ದೇ ಕಾರಣ ಅಂತ ಹೇಳಲಾರೆ. ವಂಶವಾಹಿ ಇಲ್ಲದಿದ್ರೆ ಜೀವನಪೂರ್ತಿ ಪಾವ್ ತಿಂದ್ರೂ ಇದು ಬರಲ್ಲ.

ಈಗ ಮುಖ್ಯ ವಿಷಯ. ನನ್ನ ಮೊದಲ ಬಯಾಪ್ಸಿಯನ್ನ ಗುಳ್ಳೆಯಿಂದಲೇ ತೆಗೆದು ಫಾರ್ಮಲಿನ್‌ಗೆ ಹಾಕಿದ್ರು. ಏನೂ ಖಚಿತವಾಗಲಿಲ್ಲ. ಈ ರೋಗಕ್ಕೆ ಗುಳ್ಳೆಯ *ಪಕ್ಕದ* ನೋಡೋಕೆ ಚೆನ್ನಾಗಿರುವ ಚರ್ಮ ಬೇಕು, ಫಾರ್ಮಲಿನ್ ಹಾಕದೆ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ ಕಳಿಸ್ಬೇಕು. ಎರಡನೇ ಸಲ ಹಾಗೆ ಮಾಡಿದಾಗ ಐಜಿಎ ಕಣಕಣವಾಗಿ ಹೊಳೀತು. ಜೊತೆಗೆ ಟಿಟಿಜಿ ಐಜಿಎ ರಕ್ತಪರೀಕ್ಷೆಯೂ ಇದೆ.

ಇಂಟರ್ನೆಟ್ ಓದಿ ಪರೀಕ್ಷೆಗೆ ಮೊದಲೇ ಚಪಾತಿ ಬಿಡ್ಬೇಡಿ. ಗೋಧಿ ಬಿಟ್ರೆ ಪ್ರತಿಕಾಯ ಇಳಿಯುತ್ತೆ, ರೋಗ ಇದ್ರೂ ರಿಪೋರ್ಟ್ ಇಲ್ಲ ಅನ್ನಬಹುದು. ನಾನೂ ಬಿಡೋದರಲ್ಲಿದ್ದೆ.

ಡ್ಯಾಪ್ಸೋನ್ ಮಾತ್ರೆ ಕೊಟ್ಟ ಕೆಲವೇ ದಿನಕ್ಕೆ ತುರಿಕೆ ನಿಂತು ನಿದ್ದೆ ಬಂತು. ಕುಷ್ಠರೋಗಕ್ಕೂ ಕೊಡೋ ಔಷಧಿ ಅದು. ಶುರು ಮಾಡೋ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸ್ತಾರೆ, ಆ ಕಿಣ್ವ ಕಮ್ಮಿ ಇದ್ರೆ ಕೆಂಪು ರಕ್ತಕಣ ಒಡೆಯುತ್ತೆ. ಆದ್ರೆ ಮಾತ್ರೆ ಕರುಳನ್ನ ಸರಿಮಾಡಲ್ಲ. ಅದಕ್ಕೆ ಪಥ್ಯವೇ ಬೇಕು, ತಿಂಗಳುಗಟ್ಟಲೆ.

ರಾಗಿ, ಜೋಳ, ಅಕ್ಕಿ ನಮ್ಮವೇ, ತೊಂದರೆ ಇಲ್ಲ. ರವೆ, ಮೈದಾ, ಗೋಧಿ ಶಾವಿಗೆ ಬಿಟ್ಟೆ. ಆದ್ರೂ ಗುಳ್ಳೆ ಪೂರ್ತಿ ಹೋಗಲಿಲ್ಲ. ಕೊನೆಗೆ ಗೊತ್ತಾಯ್ತು, ಅಂಗಡಿ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರ್ತಾರೆ ಅಂತ. ಅಮ್ಮ ಸಾರಿನ ಪುಡಿ ಕಳಿಸ್ತಿದ್ರಲ್ಲ, ಅವತ್ತೇ ಫೋನ್ ಮಾಡಿ ಹೇಳ್ದೆ: "ಅಮ್ಮಾ, ಇಂಗಿನ ಡಬ್ಬಿ ತಿರುಗಿಸಿ ಓದಮ್ಮ."