ಕೇಶವಚಂದ್ರರೂ ಅವರ ಶಿಷ್ಯರೂ

ಗುರುವಿನ ನಡತೆಯಲ್ಲಿ ದೋಷವನ್ನು ಕಂಡ ಶಿಷ್ಯನು ಸಾಮಾನ್ಯವಾಗಿ ಕಂಡರೂ ಕಾಣದವನಂತೆ ಪಾದಪೂಜೆಯನ್ನು ಮುಂದುವರಿಸುತ್ತಾನೆ. ಇಲ್ಲವೆ ಗುರುವಿನೊಡನೆ ಉಪದೇಶವನ್ನೂ ಗಾಳಿಗೆ ತೂರುತ್ತಾನೆ. 1878ರಲ್ಲಿ ಕಲಕತ್ತೆಯ ಬ್ರಾಹ್ಮಸಮಾಜದ ತರುಣರು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ.

ಬಾಬು ಕೇಶವಚಂದ್ರ ಸೇನರ ವಾಗ್ವೈಭವಕ್ಕೆ ಮಾರುಹೋಗಿ ಬಂಧುಬಾಂಧವರ ಮುನಿಸನ್ನು ಕಟ್ಟಿಕೊಂಡವರು ಅವರಲ್ಲಿ ಅನೇಕರು. ಶಿವನಾಥ ಶಾಸ್ತ್ರಿಗಳು 1869ರಲ್ಲಿ ಕೇಶವರಿಂದಲೇ ದೀಕ್ಷೆಯನ್ನು ಪಡೆದು ತಂದೆಯ ಕೋಪಕ್ಕೆ ಗುರಿಯಾಗಿದ್ದರು. ಬಾಲ್ಯವಿವಾಹವು ಅನರ್ಥಕಾರಿಯೆಂದು ಈ ತರುಣರಿಗೆ ಬೋಧಿಸಿದವರೂ ಕೇಶವರೇ. ವಿವಾಹಕ್ಕೆ ಯೋಗ್ಯವಾದ ವಯಸ್ಸು ಯಾವುದೆಂದು ಅವರು ಹೆಸರಾದ ವೈದ್ಯರ ಅಭಿಪ್ರಾಯಗಳನ್ನು ತರಿಸಿದ್ದರು. 1872ರ ಮೂರನೆಯ ಆಕ್ಟು ಬಹುಮಟ್ಟಿಗೆ ಅವರ ಪ್ರಯತ್ನದ ಫಲ. ಅದರಂತೆ ವಧುವಿಗೆ 14, ವರನಿಗೆ 18 ವರ್ಷಗಳು ತುಂಬಿರಬೇಕಾಗಿತ್ತು.

ಇಂತಹ ಕೇಶವರು 1878ರ ಮಾರ್ಚಿಯಲ್ಲಿ ತಮ್ಮ ಮಗಳು ಸುನೀತಿದೇವಿಯನ್ನು ಕುಚಬಿಹಾರದ ಮಹಾರಾಜ ನೃಪೇಂದ್ರನಾರಾಯಣರಿಗೆ ಕೊಟ್ಟು ಲಗ್ನಮಾಡಿದರು. ವಧುವಿಗೆ 13, ವರನಿಗೆ 15! ಆಕ್ಟು ಆ ಸಂಸ್ಥಾನಕ್ಕೆ ಅನ್ವಯಿಸದು, ಇದು ವಾಗ್ದಾನದಂತಹುದು ಮಾತ್ರ, ಎಂದು ಅವರ ಪಕ್ಷದವರು ವಾದಿಸಿದರು. ವರನು ಕೂಡಲೆ ಇಂಗ್ಲೆಂಡಿಗೆ ತೆರಳಿದನೆಂಬುದೂ ನಿಜ. ಆದರೆ ಕಾಯಿದೆಯ ಕಟ್ಟು ಇಲ್ಲದಲ್ಲಿಯೇ ಅಲ್ಲವೆ, ಮನುಷ್ಯನ ತತ್ತ್ವಕ್ಕೆ ಪರೀಕ್ಷೆ? ಕೇಶವರಾದರೋ ಇದನ್ನು ಈಶ್ವರನ ಆದೇಶವೆಂದರು. ವಿವಾಹಕ್ಕಿಂತಲೂ ಈ ಉತ್ತರವೇ ಶಿಷ್ಯರನ್ನು ಹೆಚ್ಚು ನೋಯಿಸಿರಬೇಕೆಂದು ನಮಗೆ ತೋರುತ್ತದೆ. ತಪ್ಪನ್ನು ಒಪ್ಪಿದವನನ್ನು ಕ್ಷಮಿಸಬಹುದು; ದೇವರ ಹೆಸರನ್ನು ಮುಂದಿಟ್ಟವನೊಡನೆ ವಾದಿಸುವ ಬಗೆ ಹೇಗೆ?

ಪ್ರತಿಭಟನೆಯ ಪತ್ರಗಳು ಹೋದವು. ಮಂದಿರದ ವಿಷಯವಾಗಿ ಕಲಹವೂ ನಡೆಯಿತು. ಕೊನೆಗೆ ಮೇ 15ರಂದು ಟೌನ್ ಹಾಲಿನಲ್ಲಿ ನೆರೆದ ಸಭೆಯು ಸಾಧಾರಣ ಬ್ರಾಹ್ಮಸಮಾಜವನ್ನು ಸ್ಥಾಪಿಸಿತು. ಆನಂದಮೋಹನ ಬಸುಗಳು ಅದರ ಅಧ್ಯಕ್ಷರಾದರು. ಏಕೇಶ್ವರನ ಉಪಾಸನೆ, ಜಾತಿಭೇದದ ನಿರಾಕರಣೆ, ಸ್ತ್ರೀಶಿಕ್ಷಣ, ಇವುಗಳಲ್ಲಿ ಒಂದನ್ನೂ ಅವರು ಕೈಬಿಡಲಿಲ್ಲ. ಗುರುವನ್ನು ಅಳೆಯುವ ಮಾನದಂಡವು ಗುರುವೇ ಕೊಟ್ಟದ್ದಲ್ಲವೆ! ಬದಲಾದದ್ದು ಅಧಿಕಾರದ ಏರ್ಪಾಡು: ಒಬ್ಬರ ಆದೇಶದ ಸ್ಥಾನದಲ್ಲಿ ಲಿಖಿತ ನಿಯಮಗಳೂ ಸದಸ್ಯರು ಚುನಾಯಿಸಿದ ಸಮಿತಿಯೂ ಬಂದವು. ‘ಸಾಧಾರಣ’ವೆಂಬ ಹೆಸರಿನ ಅರ್ಥವೇ ಎಲ್ಲರಿಗೂ ಸೇರಿದ್ದು ಎಂದು.

ಶಿವನಾಥರು ಮುಂದೆ ಬ್ರಾಹ್ಮಸಮಾಜದ ಇತಿಹಾಸವನ್ನು ಬರೆದಾಗ ಅದರಲ್ಲಿ ಕೇಶವರಿಗೆ ವಿಸ್ತಾರವಾದ ಸ್ಥಳವನ್ನು ಕೊಟ್ಟರು. ಕೇಶವರು ಅದನ್ನು ನೋಡಲಿಲ್ಲ. 1884ರ ಜನವರಿ 8ರಂದು, 45ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು. ಅಷ್ಟರವರೆಗೂ ಎರಡು ಪಂಗಡಗಳು ಒಂದಾಗಿರಲಿಲ್ಲ.